ಅರಿಶಿನವಿಲ್ಲದ ಮೂಲೆ

ಇಸವಿ ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಬಹಳ ಹಿಂದೆ, ಬಿಳಿಕಲ್ಲುಹಟ್ಟಿ ಎಂಬ ಒಂದು ಊರಿನಲ್ಲಿ, ಓಬಣ್ಣ ಎಂಬ ಮೆಕ್ಯಾನಿಕ್ ಇದ್ದನಂತೆ. ಸತ್ತ ಕಾರಿನ ಬಾನೆಟ್ಟಿಗೆ ಕಿವಿಯಿಟ್ಟು ಅದನ್ನು ಎಬ್ಬಿಸುತ್ತಿದ್ದನಂತೆ. ಪ್ಲಗ್ಗಿನ ತಂತಿಯನ್ನು ಬರಿಗೈಲಿ ಹಿಡಿದು ಕರೆಂಟಿನ ಬಲ ಹೇಳುತ್ತಿದ್ದನಂತೆ. ಅವನಿಗೆ ಶಾಕ್ ಹೊಡೆಯುತ್ತಲೇ ಇರಲಿಲ್ಲವಂತೆ. ಹೊಡೆಯುತ್ತಿತ್ತು. ಶಾಕಿಗೆ ಕೈ ಹಾರಿ ಬಾನೆಟ್ಟಿಗೆ ಬಡಿದೂ ಬಡಿದೂ ಅವನ ಮೊಣಕೈ ಜಡ್ಡುಗಟ್ಟಿತ್ತೆಂದು ನನ್ನಜ್ಜ ಹೇಳುತ್ತಿದ್ದ. ಜನ ಮೊಣಕೈ ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೊಂಡಿದ್ದಾರೆ.

ಆದರೆ ಈಗ ಹೇಳುವುದನ್ನು ಅಜ್ಜನೂ ಅಲ್ಲಗಳೆಯಲಿಲ್ಲ.

ಆ ಊರಿನ ಪುಟ್ಟೀರಮ್ಮನ ಮದುವೆ ಒಂದು ಸಲ ಮುರಿದಿತ್ತು. ದಿಬ್ಬಣ ಬರುವಷ್ಟರಲ್ಲಿ ಮುಹೂರ್ತ ಮೀರಿತ್ತು. ಹಿರಿಯರು ಅಪಶಕುನವೆಂದರು, ಗಂಡು ಹಿಂದಿರುಗಿದ. ಇನ್ನೊಂದು ಸಲ ಹಾಗಾದರೆ ಅವಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಅವಳಿಗೂ.

ಎರಡನೆಯ ಸಲ ಹೊಸ ಗಂಡಿನ ಕಾರು ದಾರಿಯಲ್ಲಿ ನಿಂತಿತು. ಬೋಳು ಗುಡ್ಡದ ಏರು, ಊರು ಇನ್ನೂ ಮೂರು ಹರದಾರಿ, ಮುಹೂರ್ತಕ್ಕೆ ಒಂದೇ ಗಂಟೆ. ಪೇಟೆಯಲ್ಲಿ ಕ್ಷೌರ ಮಾಡಿಸಿಕೊಂಡು, ಬಿಳಿ ಪಂಚೆ ಉಟ್ಟು, ಅದೇ ಮದುವೆಗೆಂದು ಓಬಣ್ಣ ಸೈಕಲ್ಲಿನಲ್ಲಿ ಬಂದನಂತೆ. ಎಲೆಅಡಿಕೆ ಚೀಲದ ಸಣ್ಣ ಚಾಕು ಬಿಟ್ಟರೆ ಕೈಯಲ್ಲಿ ಬೇರೆ ಸಾಮಾನಿಲ್ಲ.

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದ. ಒಳಗೆ ಪಾಯಿಂಟುಗಳೆಂಬ ಎರಡು ಲೋಹದ ಚುಕ್ಕಿಗಳಿರುತ್ತವೆ. ಅವು ತೆರೆದು ಮುಚ್ಚಿದರೆ ಕಿಡಿ. ಇವು ಒಂದಕ್ಕೊಂದು ಒರಗಿ ತೆರೆಯುತ್ತಲೇ ಇರಲಿಲ್ಲ. ಸಂದು ಸರಿಮಾಡಬೇಕು, ಅಳತೆಪಟ್ಟಿ ಶೆಡ್ಡಿನಲ್ಲಿದೆ. ಲಗ್ನಪತ್ರಿಕೆ ಕೊಡಿ, ಅದೇ ದಪ್ಪ, ಎಂದನಂತೆ.

ವರನ ಸೋದರತ್ತೆ ಕೊಟ್ಟಳು. ಅವನು ಮೂಲೆ ಕೊಯ್ದದ್ದೇ ಚೀರಿದಳು: "ನಿನ್ ಕೈಗೆ ಹುಳ ಬೀಳ! ಮೂಲೆ ಹರ್ಯೋಕೆ ಇದೇನು ತಿಥಿ ಕಾರ್ಡು ಅಂದ್ಕೊಂಡ್ಯೇನೋ?"

"ಮುಹೂರ್ತ ಮೀರಿದ್ರೆ ಇಡೀ ಪತ್ರಿಕೇನೇ ಹರ್ದಂಗೆ, ಅಕ್ಕಾ. ನಾನು ಬರೀ ಮೂಲೆ ಕೇಳ್ತಿದ್ದೀನಿ."

ಮೂಲೆಯನ್ನು ಸಂದಿಗಿಟ್ಟು, ಚಾಕುವಿನ ತುದಿಯಿಂದ ಸ್ಕ್ರೂ ಬಿಗಿದು, ಕಾಗದ ಎಳೆದ. ದಿಬ್ಬಣದವರು ಕಾರಿನ ಮುಂದಿನ ಹ್ಯಾಂಡಲ್ ತಿರುಗಿಸಿದರು. ಕಾರು ಉಸಿರೆತ್ತಲಿಲ್ಲ.

ಮತ್ತೆ ಮುಚ್ಚಳ ತೆಗೆದವನು ಹಣೆ ಬಡಿದುಕೊಂಡನಂತೆ. ಲಗ್ನಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿರುತ್ತಾರೆ. ಅದು ಪಾಯಿಂಟುಗಳಿಗೆ ಮೆತ್ತಿಕೊಂಡಿತ್ತು. ಅರಿಶಿನ ಎಷ್ಟೇ ಶುಭವಾದರೂ ಕರೆಂಟನ್ನು ಹಾಯಗೊಡುವುದಿಲ್ಲ.

ಹೊಸ ಪಂಚೆಯ ತುದಿಯನ್ನು ಪೆಟ್ರೋಲಿಗೆ ಅದ್ದಿ ಒರೆಸಿದ. ಈ ಸಲ ಅತ್ತೆಯೇ ಇನ್ನೊಂದು ಪತ್ರಿಕೆ ತೆಗೆದು ಅರಿಶಿನ ತಾಕದ ಅಂಚು ತೋರಿಸಿದಳಂತೆ. "ಇಲ್ಲಿ ಕೊಯ್ಯಿ. ನನ್ ಗಂಡನ ಹೆಸರು ಹೋದ್ರೆ ಹೋಗ್ಲಿ."

ಸಂದು ಮತ್ತೆ ಅಳೆದು ಹ್ಯಾಂಡಲ್ ತಿರುಗಿಸಿದಾಗ ಕಾರು ಸ್ಟಾರ್ಟಾಯಿತು. ಇಡೀ ಗುಡ್ಡ ಗುಡುಗಿತಂತೆ, ಗುಡುಗಿರಲಾರದು. ಆದರೆ ಕಾರು ಕಣ್ಣಿಗೆ ಬೀಳುವ ಮೊದಲೇ ಪುಟ್ಟೀರಮ್ಮ ಅದರ ಸದ್ದು ಕೇಳಿ ಎದ್ದು ನಿಂತಳಂತೆ. ಮುಹೂರ್ತಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

ಇದರಲ್ಲಿ ಪವಾಡವಿಲ್ಲ. ಕಾಗದದ ದಪ್ಪ ಸರಿಯಿತ್ತು, ಕೈಗೆ ಕೆಲಸ ಗೊತ್ತಿತ್ತು. ಉಗುರಿನಷ್ಟೂ ಇಲ್ಲದ ಸಂದಿನಲ್ಲಿ ಒಬ್ಬಳ ಬಾಳು ಸಿಕ್ಕಿಕೊಂಡಿತ್ತು, ಅವನು ಬಿಡಿಸಿದ. ಈ ಕಥೆಯನ್ನು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಆ ಭಾಗ ಅಲ್ಲಾಡುವುದಿಲ್ಲ.

ಅಂಥ ಕಾರುಗಳು ಈಗ ಓಡುವುದಿಲ್ಲ. ಆದರೂ ಬಿಳಿಕಲ್ಲುಹಟ್ಟಿಯವರು ಲಗ್ನಪತ್ರಿಕೆಯ ಮೂರೇ ಮೂಲೆಗೆ ಅರಿಶಿನ ಹಚ್ಚುತ್ತಾರೆ. ನಾಲ್ಕನೆಯದು ಏಕೆ ಬರಿದು ಎಂದು ಹೊರಗಿನವರು ಕೇಳಿದರೆ, ಅದು ಓಬಣ್ಣನದು ಎನ್ನುತ್ತಾರೆ.

ನನ್ನ ಮಗಳ ಲಗ್ನಪತ್ರಿಕೆಯಲ್ಲಿ ನಾನೂ ಒಂದು ಮೂಲೆ ಬಿಟ್ಟೆ.