ಇಬ್ಬರಾಗಿ ನುಡಿದ ಅರುಳಪ್ಪನ ಗಿಟಾರು

ಬಹಳ ಕಾಲದ ಹಿಂದೆ ಬೂದಿದಿಬ್ಬ ಅಂತ ಒಂದೂರಿತ್ತು. ಬಂಗಾರದ ಗಣಿಯ ಊರು. ಬಂಗಾರವೆಲ್ಲ ಬೇರೆಯವರ ಪಾಲಿಗೆ, ಅದನ್ನು ತೆಗೆದು ಉಳಿದ ಬೂದಿಬಣ್ಣದ ಮಣ್ಣಿನ ಗುಡ್ಡೆ ನಮ್ಮವರ ಪಾಲಿಗೆ. ಗಾಳಿ ಎದ್ದರೆ ಅನ್ನದ ತಟ್ಟೆಯಲ್ಲೂ ಅದೇ ಮಣ್ಣು. ಆದರೆ ಗಿಟಾರಿನ ವಿಷಯಕ್ಕೆ ಬಂದರೆ ಆ ಊರನ್ನು ಮೀರಿಸುವ ಊರು ಏಳು ಸಮುದ್ರದಾಚೆಗೂ ಇರಲಿಲ್ಲವಂತೆ. ಅಲ್ಲಿ ಎಳೆಗೂಸು ಅತ್ತರೂ ಶ್ರುತಿ ಹಿಡಿದೇ ಅಳುತ್ತಿತ್ತಂತೆ. ನಂಬದವರು ನಂಬಬೇಡಿ, ಕಥೆ ಅದಕ್ಕಾಗಿ ನಿಲ್ಲುವುದಿಲ್ಲ.

ಆ ಊರಿನ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಲೂರ್ದಮ್ಮ ಅಂತ ಒಬ್ಬ ತಾಯಿ. ಕಣ್ಣು ಕಾಣದು, ಎದೆ ದುರ್ಬಲ, ಮಂಚವೇ ಮನೆ. ಇಬ್ಬರು ಗಂಡುಮಕ್ಕಳು. ದೊಡ್ಡವನು ಅರುಳಪ್ಪ, ಗಣಿಯ ವರ್ಕ್‌ಶಾಪಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವವನು. ಸತ್ತ ಮೋಟಾರಿನ ಪಕ್ಕ ಕೂತು ಅವನು ಗದರಿದರೆ ಸಾಕು, ಹೆದರಿಕೊಂಡು ತಿರುಗುತ್ತಿತ್ತಂತೆ. ಚಿಕ್ಕವನು ಇನ್ನಾಸಿ, ಸುರಂಗಕ್ಕೆ ಇಳಿಯುವವನು. ಶನಿವಾರ ಸಂಜೆಯಾದರೆ ಅಣ್ಣ ತಮ್ಮ ಇಬ್ಬರೂ ಲೈನಿನ ಕೊನೆಯ ಕ್ಲಬ್ ಹಾಲ್‌ನಲ್ಲಿ ಗಿಟಾರು ನುಡಿಸುತ್ತಿದ್ದರು. ಬಾಗಿಲು ತೆರೆದಿಟ್ಟರೆ ನಾದ ನೇರ ಲೂರ್ದಮ್ಮನ ಮಂಚಕ್ಕೇ ಬರುತ್ತಿತ್ತು.

ಅರುಳಪ್ಪನ ಕೈ ರೈಲುಹಳಿಯಷ್ಟು ನೆಟ್ಟಗೆ. ಇನ್ನಾಸಿ ಮಾತ್ರ ಯಾವಾಗಲೂ ಅರ್ಧ ತಾಳ ತಡ. ಅವನ ಗಿಟಾರಿನಲ್ಲಿ ಒಂದು ತಂತಿ ಯಾವಾಗಲೂ ಕೂದಲೆಳೆಯಷ್ಟು ಕೆಳಗೆ. ಒಂದು ಶನಿವಾರ ಅರುಳಪ್ಪನಿಗೆ ತಡೆಯಲಾಗಲಿಲ್ಲ. ಹಾಲ್ ತುಂಬ ಜನರ ಮುಂದೆ ಅಂದೇಬಿಟ್ಟ: “ಲೋ, ಶ್ರುತಿ ಸರಿ ಮಾಡ್ಕೊಂಡು ಬರೋದಾದ್ರೆ ಬಾ. ಇಲ್ಲಾಂದ್ರೆ ಬರಲೇಬೇಡ.”

“ಆಗ್ಲಿ ಅಣ್ಣ,” ಅಂತ ಇನ್ನಾಸಿ ನಕ್ಕ.

ಮೂರನೇ ದಿನ ಅವನು ಶಿಫ್ಟಿಗೂ ತಡವಾಗಿ ಓಡಿದ. ಬುತ್ತಿಯ ಟಿಫಿನ್ ಡಬ್ಬಿಯನ್ನು ಮನೆಯಲ್ಲೇ ಮರೆತ. ಮಧ್ಯಾಹ್ನ ಕೆಳಗೆ ಸುರಂಗದಲ್ಲಿ ಬಂಡೆ ಸಿಡಿಯಿತು, ಮೇಲೆ ಸೈರನ್ ಕೂಗಿತು. ಇನ್ನಾಸಿ ಬರಲೇ ಇಲ್ಲ. ಬಂಡೆ ಅವನ ಮೈಯನ್ನೂ ಹಿಂದಕ್ಕೆ ಕೊಡಲಿಲ್ಲ.

ಈ ಸುದ್ದಿ ಕಿವಿಗೆ ಬಿದ್ದರೆ ಮುದುಕಿಯ ಎದೆ ಅಲ್ಲೇ ನಿಂತುಹೋಗುತ್ತದೆ ಅಂದ ಗಣಿ ಆಸ್ಪತ್ರೆಯ ಕಾಂಪೌಂಡರ್. ಹಾಗಾಗಿ ಇಡೀ ಲೈನು ಸೇರಿ ಒಂದು ಸುಳ್ಳು ಕಟ್ಟಿತು. ಸೈರನ್ ಕೂಗಿದ್ದು ಬರೀ ಪರೀಕ್ಷೆಗೆ. ಇನ್ನಾಸಿಯನ್ನು ಹನ್ನೆರಡು ಮೈಲಿ ಆಚೆಯ ಗಣಿಗೆ ಹಾಕಿದ್ದಾರೆ. ಶನಿವಾರ ಲಾರಿಯಲ್ಲಿ ಹಾಲ್‌ಗೆ ಬಂದು, ನುಡಿಸಿ, ಅದೇ ಲಾರಿಯಲ್ಲಿ ವಾಪಸ್. ಅದಕ್ಕಿಂತ ದಡ್ಡ ಸುಳ್ಳನ್ನು ಬೂದಿದಿಬ್ಬದಲ್ಲಿ ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲವಂತೆ. ಲೂರ್ದಮ್ಮ ಎಲ್ಲ ಕೇಳಿಕೊಂಡು, ಹೋಗಲಿ, ಶನಿವಾರ ಅವನ ಗಿಟಾರು ಕಿವಿಗೆ ಬಿದ್ದರೆ ನನಗಷ್ಟೇ ಸಾಕು ಅಂದಳು.

ಅಲ್ಲಿಗೆ ಅರುಳಪ್ಪ ಸಿಕ್ಕಿಬಿದ್ದ. ಒಬ್ಬನೇ ನುಡಿಸಿ ನೋಡಿದ. ಒಂದು ಸ್ವರವೂ ತಪ್ಪಲಿಲ್ಲ, ಒಂದು ಸ್ವರವೂ ಹಾಲ್ ತುಂಬಲಿಲ್ಲ. ಇವತ್ತು ಅವನಿಗೆ ಲಾರಿ ಸಿಗಲಿಲ್ಲವಮ್ಮ ಅಂತ ಬಂದು ಹೇಳಿ, ಮಾರನೇ ದಿನವೇ ವರ್ಕ್‌ಶಾಪಿನ ಮೂಲೆಯಲ್ಲಿ ಕೂತ. ಕಾಲಲ್ಲಿ ಒತ್ತಿದರೆ ಗಿಟಾರಿನ ನಾದವೇ ತಮ್ಮನೂ ಜೊತೆಗಿದ್ದ ಹಾಗೆ ಬದಲಾಗಬೇಕು, ಅಂಥ ಡಬ್ಬಿ ಮಾಡಲು.

ಮೊದಲ ಡಬ್ಬಿಯೊಳಗೆ ಟಾರ್ಚಿನ ಬಲ್ಬೊಂದು ಉಸಿರಾಡಿದ ಹಾಗೆ ಹೊತ್ತಿ ಆರುತ್ತಿತ್ತು. ಅದರ ಜೊತೆ ಗಿಟಾರಿನ ದನಿಯೂ ಏರಿ ಇಳಿದು ನಡುಗುತ್ತಿತ್ತು. ಇಡೀ ಲೈನಿನ ಚಹಾ ಲೋಟಗಳು ನಡುಗಿ, ಯಾರೂ ಸಕ್ಕರೆ ಕಲಕುವ ಅಗತ್ಯವೇ ಬೀಳಲಿಲ್ಲವಂತೆ. ಲೂರ್ದಮ್ಮ ಕೇಳಿದಳು: “ಚಿಕ್ಕೋನಿಗೆ ಜ್ವರಾನಾ?”

ಎರಡನೆಯದು ನಾದವನ್ನು ಸುಳಿ ಸುತ್ತಿಸುತ್ತಿತ್ತು. ಅದನ್ನು ಕೇಳಿ ಹಾಗಲಬಳ್ಳಿಗಳು ಗಿರಿಗಿಟ್ಟಲೆಯ ಹಾಗೆ ಕಂಬವಿಲ್ಲದೆಯೂ ಸುತ್ತಿಕೊಂಡು ಮೇಲೇರಿದವಂತೆ. ಲೂರ್ದಮ್ಮ ಕೇಳಿದಳು: “ಬಂದೋನು ಮನೆ ಸುತ್ತಾನೇ ತಿರುಗ್ತಾನಲ್ಲ. ಒಳಗ್ಯಾಕೆ ಬರಲ್ಲ?”

ಮೂರನೆಯದು ವಿಮಾನ ತಲೆಮೇಲೆ ಹಾದುಹೋದ ಹಾಗೆ ಮೊರೆಯಿತು. ಊರ ನಾಯಿಗಳೆಲ್ಲ ಆಕಾಶ ನೋಡುತ್ತಾ ಮೂರು ಮೈಲಿ ಓಡಿದವಂತೆ. ಲೂರ್ದಮ್ಮ ಕೇಳಿದಳು: “ಅಷ್ಟು ದೂರ ಹೋಗಿಬಿಟ್ನಾ?”

ಆ ಮಾತಿಗೆ ಅರುಳಪ್ಪ ಎರಡು ದಿನ ಊಟ ಬಿಟ್ಟ. ನಾಗೊಂದಿಗೆಯ ಮೇಲೆ ತಮ್ಮನ ಟಿಫಿನ್ ಡಬ್ಬಿ ಹಾಗೇ ಇತ್ತು. ಮುಚ್ಚಳದ ಅಂಚು ಎಂದೋ ಕೆಳಗೆ ಬಿದ್ದು ಜಜ್ಜಿಹೋಗಿತ್ತು. ಅದನ್ನು ಇಳಿಸಿಕೊಂಡು, ಒಳಗೆ ಒಂದು ಗೇಣು ರೆಕಾರ್ಡಿಂಗ್ ಟೇಪು, ಒಂದು ಪುಟ್ಟ ಮೋಟಾರು, ಟೇಪು ತಿರುಗಿಸಲು ಅದಕ್ಕೊಂದು ಗಾಲಿ ಕೂರಿಸಿದ. ಗಿಟಾರಿನ ಸ್ವರ ಡಬ್ಬಿಗೆ ಹೋಗಿ ಎರಡಾಗುತ್ತಿತ್ತು. ಒಂದು ನೆಟ್ಟಗೆ ಹೊರಬರುತ್ತಿತ್ತು. ಇನ್ನೊಂದು ಟೇಪಿನ ಮೇಲೆ ಒಂದು ಸುತ್ತು ಹಾಕಿ, ಒಂಚೂರು ತಡವಾಗಿ, ಒಂಚೂರು ಶ್ರುತಿ ತಪ್ಪಿ ಬರುತ್ತಿತ್ತು.

ಆ ಶನಿವಾರ ಹಾಲ್ ತುಂಬಿತು. ಕುರ್ಚಿಯಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ಇನ್ನೊಬ್ಬನಿಗೆ ಜಾಗ ಬಿಟ್ಟರಂತೆ. ಮನೆಯಲ್ಲಿ ಲೂರ್ದಮ್ಮ “ಬಂದ” ಅಂದಳು. ಅಷ್ಟೇ ಅಂದು ಎರಡು ತುತ್ತು ಹೆಚ್ಚು ಉಂಡಳು.

ನಾಲ್ಕು ಶನಿವಾರ ಹೀಗೇ ಕಳೆಯಿತು. ಐದನೆಯ ಶನಿವಾರ ಅರುಳಪ್ಪ ಮನೆಗೆ ಬಂದಾಗ ತಟ್ಟೆ ಮುಟ್ಟದೆ ಹಾಗೇ ಇತ್ತು.

“ದೊಡ್ಡೋನೇ, ತಪ್ಪು ಒಂದೇ ಥರ ಬರ್ತಿದೆ,” ಅಂದಳು ತಾಯಿ. “ಎಣಿಸಿ ನೋಡಿದೆ. ನಾಲ್ಕು ಎಣಿಸೋದರೊಳಗೆ ಇಳಿಯುತ್ತೆ, ನಾಲ್ಕು ಎಣಿಸೋದರೊಳಗೆ ಏರುತ್ತೆ. ನಮ್ಮ ಚಿಕ್ಕೋನು ಒಂದು ಸಲ ಮಾಡಿದ ತಪ್ಪನ್ನ ಇನ್ನೊಂದು ಸಲ ಮಾಡಿದೋನಲ್ಲ. ಹೊಸದೇ ಹುಡುಕ್ತಿದ್ದ. ಅಲ್ಲಿ ನುಡಿಸ್ತಿರೋದು ಯಾರು? ಕರ್ಕೊಂಡು ಬಾ.”

ಅರುಳಪ್ಪ ಹಾಲ್‌ಗೆ ಹಿಂದಿರುಗಿ ಗಿಟಾರು, ಸ್ಪೀಕರ್ ಪೆಟ್ಟಿಗೆ, ಡಬ್ಬಿ ಎಲ್ಲ ಹೊತ್ತು ತಂದ. ಡಬ್ಬಿಯನ್ನು ತಾಯಿಯ ಮಡಿಲಲ್ಲಿಟ್ಟ. ಅವಳ ಬೆರಳು ಮುಚ್ಚಳದ ಸುತ್ತ ಹೋಯಿತು. ಜಜ್ಜಿದ ಅಂಚಿಗೆ ಬಂದು ನಿಂತಿತು.

“ಗಣಿಯ ಯಾವ ಶಾಫ್ಟಲ್ಲಿ ಹೋದ?” ಅಂದಳು.

ಅರುಳಪ್ಪ ಹೇಳಿದ. ಹೇಳಹೊರಟಮೇಲೆ ನಿಲ್ಲಿಸಲಾಗದೆ, ಆ ಶನಿವಾರ ತಾನು ಅಂದ ಮಾತನ್ನೂ ಹೇಳಿದ. ಬರಲೇಬೇಡ ಅಂದೆನಮ್ಮ, ಅವನು ಆಗ್ಲಿ ಅಂದ, ಅಂತ. ಹೇಳಿ, ತಾಯಿಯ ಎದೆ ನಿಲ್ಲುವುದನ್ನೇ ಕಾಯುತ್ತಾ ಕೂತ.

ಎದೆ ನಿಲ್ಲಲಿಲ್ಲ. ಲೂರ್ದಮ್ಮ ಡಬ್ಬಿಯ ಮುಚ್ಚಳ ತೆಗೆದಳು. ತಡಕಿ ತಡಕಿ ಗಾಲಿಯನ್ನು ಹುಡುಕಿ, ಅದರ ಅಂಚಿಗೆ ತನ್ನ ನಡುಗುವ ಬೆರಳು ತಾಗಿಸಿದಳು.

“ಹೆಂಗಿದ್ದೀಯೋ ಹಂಗೇ ಬಾ ಅನ್ನು,” ಅಂದಳು. “ಈಗ್ಲಾದ್ರೂ ಅನ್ನು.”

ಅರುಳಪ್ಪ ಗಿಟಾರಿನ ಒಂದು ತಂತಿಯ ಬಿರಟೆಯನ್ನು ಕೂದಲೆಳೆಯಷ್ಟು ಸಡಿಲಿಸಿದ. ಆ ಮಾತು ಅಂದ. ಅಂದು ನುಡಿಸಿದ. ಅವಳ ಬೆರಳು ನಡುಗಿದ ಹಾಗೆಲ್ಲ ಗಾಲಿ ತಡವರಿಸಿತು. ಪ್ರತಿ ಸಲವೂ ಹೊಸ ತಪ್ಪು, ಒಮ್ಮೆ ಬಂದದ್ದು ಇನ್ನೊಮ್ಮೆ ಬರಲಿಲ್ಲ. ಲೈನಿನವರೆಲ್ಲ ಬಾಗಿಲ ಹೊರಗೆ ನಿಂತು ಅತ್ತರಂತೆ. ಅಂದು ಮಾತ್ರ ಯಾರೂ ಶ್ರುತಿ ಹಿಡಿದು ಅಳಲಿಲ್ಲವಂತೆ.

ಆಮೇಲೆ ಲೂರ್ದಮ್ಮ ಹನ್ನೊಂದು ವರ್ಷ ಬದುಕಿದಳು, ಆ ಕಾಂಪೌಂಡರ್‌ನನ್ನೇ ಮಣ್ಣಿಗೆ ಕಳಿಸಿಕೊಟ್ಟು. ಪ್ರತಿ ಶನಿವಾರ ಅವಳನ್ನು ಮಂಚದ ಸಮೇತ ಹಾಲ್‌ಗೆ ಹೊರುತ್ತಿದ್ದರು, ಗಾಲಿಗೆ ಬೆರಳಿಡಲು. ಅವಳು ಹೋದ ಮೇಲೆ ಅರುಳಪ್ಪ ಆ ಡಬ್ಬಿ ಒತ್ತಲಿಲ್ಲ. ಅವಳ ಜೊತೆಗೇ ಅದನ್ನೂ ಮಣ್ಣು ಮಾಡಿದ. ಇನ್ನಾಸಿಗೆ ಇಲ್ಲದ ಗೋರಿ ಹಾಗೆ ಸಿಕ್ಕಿತು ಅಂತಾರೆ.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಬೂದಿದಿಬ್ಬದ ಹುಡುಗರು ಈಗ ಕಾಲಲ್ಲಿ ಒತ್ತುವ ಅಂಥ ಡಬ್ಬಿಗಳನ್ನು ಪೆಡಲ್ ಅಂತ ಅಂಗಡಿಯಿಂದ ತರುತ್ತಾರೆ. ಅರುಳಪ್ಪನ ನಡುಗುವ ಡಬ್ಬಿಗೆ ಟ್ರೆಮೊಲೊ ಅಂತಾರೆ, ಸುಳಿಯದಕ್ಕೆ ಫೇಸರ್, ವಿಮಾನದ್ದಕ್ಕೆ ಫ್ಲ್ಯಾಂಜರ್. ಯಾವುದು ಮೇಲು ಅಂತ ಅಂಗಿ ಹರಿಯುವಷ್ಟು ಜಗಳವಾಡುತ್ತಾರೆ. ಆದರೆ ಶನಿವಾರದ ಮೊದಲ ಹಾಡಿಗೆ ಜಗಳವಿಲ್ಲ. ಅದು ಟಿಫಿನ್ ಡಬ್ಬಿಯ ಹಾಗೆ ಸ್ವರವನ್ನು ಎರಡಾಗಿಸುವ ಕೋರಸ್ ಪೆಡಲಿಗೇ. ನುಡಿಸುವವನು ತಂತಿಗಳನ್ನೆಲ್ಲ ಶ್ರುತಿ ಮಾಡಿಕೊಂಡು, ಕೊನೆಗೆ ಒಂದರ ಬಿರಟೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಾನೆ. ಹೆಂಗಿದ್ದೀಯೋ ಹಂಗೇ ಬಾ ಅಂತ ಮೆಲ್ಲಗೆ ಅಂದು ಪೆಡಲ್ ಒತ್ತುತ್ತಾನೆ. ಹಾಲ್‌ನಲ್ಲಿದ್ದವರು ಒಂದು ಕುರ್ಚಿಯಷ್ಟು ಪಕ್ಕಕ್ಕೆ ಸರಿಯುತ್ತಾರೆ.

ಅರ್ಧ ತಾಳ ಕಾಯುತ್ತಾರೆ. ಆಮೇಲೆ ಹಾಡು.