ಬಾಣಂತಿ ಕೋಣೆಯ ಕುಡುಗೋಲು

"ಅಕ್ಕಾರ, ಬಾಣಂತನಕ್ಕ ಎಲ್ಲಾ ತಯಾರಿ ಆಗೇತ್ರಿ. ಆದರೂ ಎದಿ ಡವಡವ ಅಂತೈತಿ. ಇನ್ನೂ ಏನು ಉಳದೈತಿ, ಹೇಳ್ರಿ" ಎಂದು ನೀಲಾಂಬಿಕೆ ಕೇಳಿದಳು.

ಅವಳು ಮಠದ ಅಕ್ಕನವರ ಶಿಷ್ಯೆ. ಚೊಚ್ಚಲ ಬಸುರಿ. ತವರಿಗೆ ಹೊರಡುವ ಮೊದಲು ಅಕ್ಕನವರ ಕಾಲಿಗೆರಗಲು ಬಂದಿದ್ದಳು. ತಾಯಿ ಕಟ್ಟಿಟ್ಟ ಅಂಟಿನ ಉಂಡಿ, ಕುಟ್ಟಿಸಿಟ್ಟ ಬಾಣಂತಿ ಖಾರ, ಕೂಸಿನ ತಲೆಗೆ ಹೊಲಿದ ಕುಂಚಿಗೆ, ಹೊಸ ಕೌದಿ, ನೀರು ಕಾಯಿಸಲು ಒಟ್ಟಿದ ಕುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಇಷ್ಟು ಉಂಡಿ ತಿನ್ನಾಕ ದಂಡು ಬರ್ತೈತೇನವಾ?" ಎಂದು ಅಕ್ಕನವರು ನಕ್ಕರು. ಅವಳು ನಗಲಿಲ್ಲ. ಅಕ್ಕನವರೂ ನಗು ನಿಲ್ಲಿಸಿ ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಅವನ ಹೆಂಡತಿಗೆ ತವರೆಂಬುದು ಇರಲಿಲ್ಲ. ಹಾಗಾಗಿ ಬಾಣಂತನವೆಲ್ಲ ಅತ್ತೆಯ ಕೈಯಲ್ಲೇ ಆಗಬೇಕಿತ್ತು. ಅತ್ತೆ ಒಳ್ಳೆಯವಳು. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಗಾಳಿ ನುಗ್ಗದ ಕೋಣೆ ಆರಿಸಿದಳು, ಕಿಟಕಿಗೆ ಕಂಬಳಿ ಕಟ್ಟಿದಳು, ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ಇಡಲು ಜಾಗ ಮಾಡಿದಳು. ಕೊನೆಗೆ ಮಗನನ್ನು ಕರೆದು, "ತಲಿದಿಂಬಿನ ಕೆಳಗ ಇಡಾಕ ಒಂದು ಕುಡಗೋಲು ಕೊಡಪಾ" ಎಂದಳು. ಬಾಣಂತಿಯ ಬಳಿ ಕಬ್ಬಿಣವಿದ್ದರೆ ದೆವ್ವ ಸುಳಿಯುವುದಿಲ್ಲ ಎಂಬುದು ಆ ಊರಿನವರ ನಂಬಿಕೆ.

ಅದಕ್ಕೆ ತುಕ್ಕು ಹಿಡಿದ ಮೊಂಡ ಕುಡುಗೋಲು ಸಾಕು. ಊರಿನವರೆಲ್ಲ ಇಡುತ್ತಿದ್ದುದೂ ಅಂಥದ್ದನ್ನೇ. ಆದರೆ ಕಮ್ಮಾರನಿಗೆ ತನ್ನ ಕೈಕೆಲಸದ ಹೆಮ್ಮೆ. ತನ್ನ ಮನೆಯಲ್ಲಿ ಮೊಂಡ ಕುಡುಗೋಲೇ ಎಂದುಕೊಂಡು ಹೊಸದನ್ನು ಬಡಿದ. ಮಸೆದು ಮಸೆದು, ಕೂದಲು ತಾಗಿದರೆ ತುಂಡಾಗುವಷ್ಟು ಹರಿತ ಮಾಡಿ ಕೊಟ್ಟ. ಪ್ರೀತಿಯಿಂದಲೇ ಕೊಟ್ಟ, ಪೆದ್ದ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಮನೆಯವರು ಓಣಿಗೆಲ್ಲ ಸಕ್ಕರೆ ಹಂಚಿದರು. ಬಾಣಂತಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಕೂಸು ಮಲಗಿದರೂ ಅವಳು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಹೀಗಿರುವಾಗ ಒಂದು ದಿನ ಹಾಲೂಡಿಸುತ್ತಿದ್ದಾಗ ದಿಂಬು ಸರಿದು ಕುಡುಗೋಲು ಕಾಣಿಸಿತು. ಅವಳಿಗೆ ಒಂದು ಯೋಚನೆ ಬಂತು. ಯಾವ ತಾಯಿಯೂ ಬಾಯಿಬಿಟ್ಟು ಹೇಳಲಾಗದ ಯೋಚನೆ. ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿದಳು. ಅಲ್ಲಿಯೂ ಅದು ಬಂತು. ಕೂಸಿನ ಮೇಲೆ ಅವಳಿಗೆ ಜೀವವೇ ಇತ್ತು. ಆದರೂ ಅದು ಮತ್ತೆ ಮತ್ತೆ ಬಂತು. ತನ್ನ ಕೈಗಳನ್ನು ಕಂಡರೆ ತನಗೇ ಹೆದರಿಕೆಯಾಗತೊಡಗಿತು.

"ಅತ್ತಿ, ಇದನ್ನ ಇಲ್ಲಿಂದ ತಗೊಂಡು ಹೋಗ್ರಿ" ಎಂದಳು.

ಅತ್ತೆಯ ಮುಖ ಬಿಳಿಚಿಕೊಂಡಿತು. ಕಬ್ಬಿಣ ಬೇಡವೆನ್ನುವುದು ಯಾರು? ದೆವ್ವ ತಾನೇ. ಹಾಗಾದರೆ ಅದು ಆಗಲೇ ಸೊಸೆಯ ಮೈ ಹೊಕ್ಕಿದೆ. ಅವಳು ಓಡಿಹೋಗಿ ಮಗನಿಗೆ ಹೇಳಿದಳು. ಮಗ ಕುಲುಮೆ ಹೊತ್ತಿಸಿ ಇನ್ನೊಂದು ಕುಡುಗೋಲು ಬಡಿದ. ಅದನ್ನು ಹೊರಸಿನ ಕಾಲಿಗೆ ಕಟ್ಟಿದರು. ಸೊಸೆ ಅತ್ತು ಬೇಡಿಕೊಂಡಳು. ಮತ್ತೊಂದು ತಂದು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದರು. ಅವಳು ಬೇಡ ಬೇಡ ಎಂದಷ್ಟೂ ಕೋಣೆಯಲ್ಲಿ ಕಬ್ಬಿಣ ಹೆಚ್ಚುತ್ತ ಹೋಯಿತು.

ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ಕೊಟ್ಟದ್ದನ್ನು ಉಂಡಳು, ತಲೆ ಬಗ್ಗಿಸಿ ನೀರು ಎರೆಸಿಕೊಂಡಳು. ಕೇಳಿದ್ದಕ್ಕೆ ಹೂಂ ಎಂದಳು. ಮನೆಯವರು ಗುಣವಾಯಿತು ಎಂದು ನಿಟ್ಟುಸಿರು ಬಿಟ್ಟರು.

ಒಂದು ಮಧ್ಯಾಹ್ನ ಅತ್ತೆ ಹಿತ್ತಲಿನಿಂದ ಬಂದು ನೋಡುತ್ತಾಳೆ, ಕೂಸು ಹೊಸ್ತಿಲಿನ ಹೊರಗೆ ಮಲಗಿದೆ. ಬೆಚ್ಚಗೆ ಕೌದಿ ಸುತ್ತಿದೆ, ಕುಂಚಿಗೆ ಕಟ್ಟಿದೆ. ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿದೆ.

"ಅಯ್ಯ ನನ್ನವ್ವಾ, ಕೂಸು ಹೊರಗೈತಿ! ಬಾಗಿಲಾ ತಗೀ!" ಎಂದು ಅತ್ತೆ ಬಾಗಿಲು ಬಡಿದಳು.

"ನಾನಽ ಇಟ್ಟೀನ್ರಿ. ದೂರ ಒಯ್ಯಿರಿ ಅದನ್ನ. ಇಲ್ಲಿದ್ರ ಉಳಿಯಂಗಿಲ್ಲ" ಎಂದಳು ಒಳಗಿನಿಂದ ಸೊಸೆ.

"ಒಳಗ ಯಾರದಾರ?"

"ಯಾರೂ ಇಲ್ರಿ. ನಾನಽ ಅದೀನಿ."

ಅತ್ತೆಗೆ ಆಗ ತಿಳಿಯಿತು. ಒಳಗೆ ಸೊಸೆ ಒಬ್ಬಳೇ ಇದ್ದಾಳೆ, ಅವಳ ಸುತ್ತ ತಾವೇ ತಂದಿಟ್ಟ ಕುಡುಗೋಲುಗಳಿವೆ. ಅತ್ತೆ ಚೀರಿದ್ದನ್ನು ಕೇಳಿ ಕಮ್ಮಾರ ಕುಲುಮೆಯಿಂದ ಸುತ್ತಿಗೆ ಹಿಡಿದೇ ಓಡಿಬಂದ. ಬಾಣಂತಿ ಕೋಣೆಗೆ ಗಂಡಸರು ಕಾಲಿಡಬಾರದು. ಅದು ಅವನಿಗೆ ನೆನಪಾಗಲಿಲ್ಲ. ಬಾಗಿಲು ಒಡೆದು ಒಳಗೆ ನುಗ್ಗಿದ.

ಅವಳು ಮೂಲೆಯಲ್ಲಿ ಕುಳಿತಿದ್ದಳು. ತನ್ನ ಎರಡೂ ಕೈಗಳನ್ನು ಸೆರಗಿನಿಂದ ಬಿಗಿದು ಕಟ್ಟಿಕೊಂಡಿದ್ದಳು. ಗಂಟು ಸಡಿಲವಾಗದಂತೆ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಅತ್ತೆ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕಮ್ಮಾರ ಕಬ್ಬಿಣವನ್ನೆಲ್ಲ ಬಾಚಿಕೊಂಡು ಹೊರಗೆ ಒಯ್ದ. ಕಿಟಕಿಯ ಕಂಬಳಿಯನ್ನೂ ಬಿಚ್ಚಿದ. ಅಂದಿನಿಂದ ಅತ್ತೆ ಸೊಸೆಯ ಹೊರಸಿಗೆ ಒತ್ತಿ ತನ್ನ ಹಾಸಿಗೆ ಹಾಸಿದಳು. ಹೆದರಿಕೆ ಬಂತು ಎಂದು ಸೊಸೆ ಹೇಳಿದಾಗಲೆಲ್ಲ ಕೂಸನ್ನು ತಾನು ಎತ್ತಿಕೊಂಡು ಅವಳ ಕೈ ಹಿಡಿದು ಕೂತಳು. ಹೆದರಿಕೆ ಒಮ್ಮೆಗೇ ಹೋಗಲಿಲ್ಲ. ಬರಬರುತ್ತ ಕಡಿಮೆಯಾಯಿತು. ತಾಯಿ ಉಳಿದಳು, ಕೂಸೂ ಉಳಿಯಿತು.

ಕತೆ ಮುಗಿಯುವ ಹೊತ್ತಿಗೆ ನೀಲಾಂಬಿಕೆಯ ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಆಕಿಗೆ ದೆವ್ವ ಬಡದಿತ್ತೇನ್ರಿ, ಅಕ್ಕಾರ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲವಾ. ಹಡದಾಕಿಗೆ ಅಂಥಾ ಅಂಜಿಕಿ ಬರೂದೈತಿ. ನಿನಗ ಬರ್ತೈತೋ ಇಲ್ಲೋ, ಅದನ್ನ ನಾ ಹೇಳಲಾರೆ."

"ಮತ್ತ ನಾ ಏನು ತಯಾರಿ ಮಾಡ್ಕೊಬೇಕ್ರಿ?"

ಅಕ್ಕನವರು ಅವಳ ಮುಖವನ್ನೇ ನೋಡುತ್ತ ಕೇಳಿದರು: "ಬಾಣಂತಿ ಕೋಣ್ಯಾಗ ಕುಂತು ನೀ 'ಇದನ್ನ ತಗೀರಿ' ಅಂದ್ರ, ಯಾಕ ಅಂತ ಕೇಳದ ತಗಿಯೋರು ನಿನ್ನ ತವರಾಗ ಯಾರದಾರ?"