ಸಾಹೇಬರನ್ನು ಎಬ್ಬಿಸಿದ ಓದುಗರು

ನಮ್ಮ ತಾಲೂಕಿನ ‘ಊರ ಸುದ್ದಿ’ ಪತ್ರಿಕೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಸಣ್ಣ ಪತ್ರಿಕೆಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆಂದು ತಿಳಿದು ಸಂಪಾದಕ ಮಲ್ಲೇಶಪ್ಪನವರು ಅರ್ಜಿ ಹಾಕಿದರು. ಪರಿಶೀಲನೆಗೆ ಜಿಲ್ಲಾ ಕಚೇರಿಯಿಂದ ಸಾಹೇಬರೊಬ್ಬರು ಬಂದರು. ಪತ್ರಿಕೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ನಕ್ಕರು.

“ಇದನ್ನ ಓದೋರೂ ಇದ್ದಾರೇನ್ರೀ? ಇದ್ದರೆ ನಾಳೆ ಬೆಳಿಗ್ಗೆ ಬಂದು ನನ್ನನ್ನ ಎಬ್ಬಿಸಲಿ. ಆಮೇಲೆ ಶಿಫಾರಸು ಮಾಡ್ತೀನಿ!” ಎಂದವರೇ ಪ್ರವಾಸಿ ಮಂದಿರಕ್ಕೆ ಹೋಗಿ ಮಲಗಿದರು.

ಮಲ್ಲೇಶಪ್ಪನವರು ತಲೆಯ ಮೇಲೆ ಕೈಹೊತ್ತು ಕೂತರು. ಅಚ್ಚಿನ ಯಂತ್ರ ನಡೆಸುವ ಪಾರವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು, “ಸಾಹೇಬ್ರು ಹೇಳಿದ್ದನ್ನ ಹಂಗ ಛಾಪಿಸೋಣ ಬಿಡ್ರಿ” ಎಂದಳು.

ಮರುದಿನ ನಸುಕಿನಲ್ಲೇ ಮನೆಮನೆಗೆ ತಲುಪಿದ ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದ ಸುದ್ದಿ: ‘ನಮ್ಮ ಓದುಗರೇ ಬಂದು ತಮ್ಮನ್ನು ಎಬ್ಬಿಸಬೇಕೆಂದು ಸಾಹೇಬರ ಅಪೇಕ್ಷೆ. ಸ್ಥಳ: ಪ್ರವಾಸಿ ಮಂದಿರ.’

ಬೆಳಕು ಹರಿಯುವಷ್ಟರಲ್ಲಿ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆ ಬ್ಯಾಂಡಿನವರು ಕಿಟಕಿಯ ಕೆಳಗೇ ನಿಂತು ಊದಿದರು. ಭಜನಾ ಮಂಡಳಿ ತಾಳ ಕುಟ್ಟಿತು. ಒಬ್ಬ ಅಜ್ಜಿಯಂತೂ ಉಪ್ಪಿಟ್ಟು ತಂದು, “ಏಳಪಾ, ಆರಿ ಹೋಗ್ತದ” ಎಂದು ಬಾಗಿಲು ಬಡಿದಳು.

ಸಾಹೇಬರು ಬನಿಯನ್ನಿನಲ್ಲೇ ಹೊರಗೆ ಬಂದು ಬಾಯಿ ತೆರೆದು ನಿಂತರು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಅಲ್ಲೇ ಶಿಫಾರಸಿಗೆ ಸಹಿ ಹಾಕಿ, ಗುಂಪಿನ ಮುಂದೆ ನಿಂತಿದ್ದ ಪಾರವ್ವನ ಕಡೆ ತಿರುಗಿದರು.

“ಎದ್ದಿದ್ದೀನಮ್ಮಾ, ಎದ್ದಿದ್ದೀನಿ! ಇವರನ್ನೆಲ್ಲ ಮನೆಗೆ ಕಳಿಸು.”

ಪಾರವ್ವ ಕೈಮುಗಿದಳು. “ಕಳಸ್ತೀನ್ರಿ. ಆದ್ರ ನೀವು ಮತ್ತ ಮಲಗಬ್ಯಾಡ್ರಿ. ಇವರು ಪೇಪರ್ ಕೊಂಡು ಓದೋರು. ಪಕ್ಕದ ಮನ್ಯಾಗ ಇಸಗೊಂಡು ಓದೋರು ಇನ್ನ ಬರೋರಿದ್ದಾರ!”